ಕೊಡಿ ಇಳಿದ ಪದವು

ತಲೆದಿಂಬಿನ ಚೀಲವನ್ನು ಬಾಯಿಯ ಒಂದು ಅಂಚಿಗೆ ಮಾತ್ರ ಕ್ಲಿಪ್ ಹಾಕಿ ಒಣಗಿಸಬೇಡ ಎಂದು ನಿಮ್ಮ ಅಮ್ಮನಿಗೆ ನಾನು ಎಷ್ಟೋ ಸಲ ಹೇಳಿದ್ದೇನೆ. ಹಾಗೆ ಹಾಕಿದರೆ ಒಳಗೆ ಗಾಳಿ ಹೊಕ್ಕು ಬೇಗ ಒಣಗುತ್ತದೆ ಎಂಬುದು ಅವಳ ಲೆಕ್ಕ, ಅದು ಸರಿಯೂ ಹೌದು. ಆದರೆ ಮಧ್ಯಾಹ್ನ ಕಳೆದು ಕಡಲಿನ ಗಾಳಿ ಎದ್ದಿತೆಂದರೆ, ನಮ್ಮ ಮಣ್ಣಗುಡ್ಡದ ಮನೆಯ ಟೆರೇಸಿನಲ್ಲಿ ಆ ಚೀಲ ಗಾಳಿ ಕುಡಿದು ಉಬ್ಬಿ, ಹಗ್ಗದಿಂದ ಅಡ್ಡಕ್ಕೆ ನೆಟ್ಟಗೆ ಚಾಚಿ ನಿಂತುಬಿಡುತ್ತದೆ. ಹಪ್ಪಳ ತಿರುವಲು ಮೆಟ್ಟಿಲು ಹತ್ತಿ ಬಂದ ನಾನು ಅದನ್ನು ಕಂಡು ಹಾಗೇ ನಿಂತುಬಿಡುತ್ತೇನೆ. ಅಜ್ಜಿಗೆ ದಿಂಬಿನ ಚೀಲ ಕಂಡರೂ ಹೆದರಿಕೆ ಎಂದು ನೀವು ಅಕ್ಕತಂಗಿಯರಿಬ್ಬರೂ ನಗುತ್ತೀರಿ. ನಗಿ, ಬೇಸರವಿಲ್ಲ. ಆದರೆ ಅದೇಕೆ ಹಾಗೆ ಎಂದು ನಿಮ್ಮ ಅಪ್ಪ ಹೇಳುವವನಲ್ಲ, ನಾನು ಬಾಯಿಬಿಟ್ಟು ಹೇಳುವವಳಲ್ಲ. ಮನೆಗೆ ನೆಂಟರು ಬಂದರೆ ಅಡುಗೆಕೋಣೆಯ ಬಾಗಿಲಿನಿಂದಾಚೆ ಮುಖ ತೋರಿಸಲು ನಾಚುವವಳು ನಾನು. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಅಷ್ಟು ಧೈರ್ಯದಿಂದ ಬರೆಯುತ್ತಿದ್ದೇನೆ. ನಮ್ಮದು ಮನೆಯಲ್ಲಿ ತುಳು. ಕನ್ನಡ ನನಗೆ ಹಳ್ಳಿಯ ಶಾಲೆ ಕೊಟ್ಟದ್ದು. ತಪ್ಪಿದ್ದರೆ ತಿದ್ದಿಕೊಳ್ಳಿ.

ಕಾವೂರು ದಾಟಿ ಗುಡ್ಡ ಹತ್ತಿದರೆ ಒಂದು ಪದವು ಇತ್ತು. ಪದವು ಎಂದರೆ ನಿಮಗೆ ಗೊತ್ತಿರಲಿಕ್ಕಿಲ್ಲ. ಗುಡ್ಡದ ತಲೆ ಚಪ್ಪಟೆಯಾಗಿ, ಕಣ್ಣು ಹೋಗುವಷ್ಟು ದೂರಕ್ಕೂ ಕೆಂಪು ಮುರಕಲ್ಲಿನ ಬಯಲಾಗಿ ಹರಡಿಕೊಂಡಿರುವ ಜಾಗ. ಬೇಸಗೆಯಲ್ಲಿ ಕಾದ ಕಾವಲಿಯಂತೆ ಸುಡುವ ಆ ಕಲ್ಲು, ಒಂದು ಮಳೆ ಬಿದ್ದರೆ ಸಾಕು, ಸಂದುಗೊಂದುಗಳಿಂದೆಲ್ಲ ಹುಲ್ಲು ಚಿಗುರಿಸಿ, ಸಣ್ಣ ಸಣ್ಣ ನೀಲಿ ಹೂಗಳನ್ನು ಅರಳಿಸಿಕೊಂಡು, ತಾನು ಯಾವತ್ತೂ ಹೀಗೇ ಇದ್ದೆ ಎನ್ನುವಂತೆ ಮಲಗಿರುತ್ತಿತ್ತು. ಸುತ್ತಲಿನ ಮನೆಗಳ ದನಗಳೆಲ್ಲ ಅಲ್ಲೇ ಮೇಯುತ್ತಿದ್ದವು, ಮಾಡಿಗೆ ಹೊದೆಸುವ ಮುಳಿಹುಲ್ಲು ಅಲ್ಲಿಂದಲೇ ಬರುತ್ತಿತ್ತು. ನಾನು ಮದುವೆಯಾಗಿ ಆ ಗುಡ್ಡದ ಬುಡದ ಮನೆಗೆ ಬರುವ ಎಷ್ಟೋ ಮೊದಲೇ ಪದವಿನ ನಡುವೆ ಡಾಮರಿನ ಪಟ್ಟಿ ಬಿದ್ದು, ತಂತಿಬೇಲಿ ಎದ್ದು, ಹಳದಿ ಬಣ್ಣದ ಸಣ್ಣ ಕಟ್ಟಡವೊಂದು ಬಂದು, ಅದು ವಿಮಾನ ನಿಲ್ದಾಣವಾಗಿತ್ತು.

ಈಗಿನ ದೊಡ್ಡ ನಿಲ್ದಾಣ ನೋಡಿದ ನೀವು ಅದನ್ನು ನಿಲ್ದಾಣ ಎನ್ನಲಿಕ್ಕಿಲ್ಲ. ನಮ್ಮ ಶಾಲೆಯ ಜಗಲಿಯಷ್ಟು ಉದ್ದದ ಒಂದು ಜಗಲಿ, ಒಳಗೆ ಕೆಲವು ಬೆಂಚು, ಒಂದು ತಕ್ಕಡಿ. ಬೊಂಬಾಯಿಯಿಂದ ರೆಕ್ಕೆಯಲ್ಲಿ ಫ್ಯಾನು ತಿರುಗುವ ಸಣ್ಣ ವಿಮಾನ ಬರುತ್ತಿತ್ತು. ಅದು ಬರುವ ಮೊದಲು ಸೈರನ್ ಕೂಗುತ್ತಿತ್ತು, ಬೇಲಿಯ ಕಂಡಿಯಲ್ಲಿ ನುಗ್ಗಿದ ದನಗಳನ್ನು ಅಟ್ಟಲಿಕ್ಕೆ. ದನಗಳಿಗೆ ಆ ಸೈರನ್ ಎಷ್ಟು ಅಭ್ಯಾಸವಾಗಿತ್ತೆಂದರೆ, ಕೂಗಿದ ಕೂಡಲೇ ತಾವಾಗಿಯೇ ಎದ್ದು ಬೇಲಿಯಿಂದ ಹೊರಗೆ ಬಂದು ನಿಲ್ಲುತ್ತಿದ್ದವು. ವಿಮಾನ ಇಳಿದ ಮೇಲೆ ಪುನಃ ಒಳಗೆ. ಭಾನುವಾರ ಕದ್ರಿ ಕಡೆಯಿಂದಲೂ ಜನ ಬಸ್ಸು ಹತ್ತಿ ವಿಮಾನ ನೋಡಲಿಕ್ಕೆಂದೇ ಬರುತ್ತಿದ್ದರು. ಗೇಟಿನ ಎದುರು ಹಸನಬ್ಬನವರ ಗೂಡಂಗಡಿ. ಸೋಡಾ, ನೆಲಗಡಲೆ, ಬನ್ಸ್. ನಮ್ಮ ಮನೆಯ ಹಾಲು ಅವರ ಚಾಕ್ಕೆ ಹೋಗುತ್ತಿತ್ತು, ಹಾಗಾಗಿ ಪದವಿನ ಸುದ್ದಿಯೆಲ್ಲ ಅವರ ಮೂಲಕ ನಮ್ಮ ಮನೆಗೆ ಬರುತ್ತಿತ್ತು.

ಡಾಮರಿನ ಪಟ್ಟಿಯ ಬದಿಯಲ್ಲಿ ಒಂದು ಎತ್ತರದ ಕಂಬ. ಅದರ ತುದಿಯಲ್ಲಿ ಕೆಂಪು ಬಿಳಿ ಪಟ್ಟೆಯ ಉದ್ದ ಬಟ್ಟೆಚೀಲ, ಎರಡೂ ಕಡೆ ಬಾಯಿ ತೆರೆದದ್ದು. ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಎಂದು ವಿಮಾನ ಇಳಿಸುವವರಿಗೆ ಕಾಣಲಿಕ್ಕೆ ಇರುವಂಥದ್ದು. ಆದರೆ ಕಂಬ ನೆಟ್ಟು ಅದನ್ನು ಏರಿಸಿದ ದಿನ, ನನ್ನ ಅತ್ತೆ, ಅಂದರೆ ನಿಮ್ಮ ಅಜ್ಜನ ತಾಯಿ, ನಾವು ತುಳುವಿನಲ್ಲಿ ಮಾಮಿ ಎನ್ನುವುದು, ಅಂಗಳದಲ್ಲಿ ನಿಂತು ಗುಡ್ಡದ ಕಡೆ ನೋಡಿ ಕೈಮುಗಿದರಂತೆ. ಪದವಿನಲ್ಲಿ ಕೊಡಿ ಏರಿತು ಎಂದರಂತೆ.

ಕೊಡಿ ಎಂದರೆ ದೇವಸ್ಥಾನದ ಉತ್ಸವಕ್ಕೆ ಕಂಬದ ಮೇಲೆ ಏರಿಸುವ ಧ್ವಜ. ಅದು ಏರಿತೆಂದರೆ ಊರು ಕಟ್ಟಿಹಾಕಿದ ಹಾಗೆ. ಇಳಿಯುವ ತನಕ ಊರಿನವರು ಗಡಿ ದಾಟಿ ಹೋಗಿ ಬೇರೆ ಕಡೆ ರಾತ್ರಿ ಉಳಿಯುವಂತಿಲ್ಲ. ಹೋದವರಿದ್ದರೆ ಇಳಿಯುವ ಮೊದಲು ಬಂದು ಸೇರಬೇಕು. ಆ ದಿನಗಳಲ್ಲಿ ಊರಿನಲ್ಲಿ ಮದುವೆಯಿಲ್ಲ, ಬೊಜ್ಜವಿಲ್ಲ. ಬೊಜ್ಜವೆಂದರೆ ಸತ್ತವರ ಉತ್ತರಕ್ರಿಯೆ. ಮಾಮಿಗೆ ಇದೆಲ್ಲ ಉಸಿರಾಟದಷ್ಟು ಸಹಜವಾದ ಸಂಗತಿ. ಕಂಬದ ತುದಿಯಲ್ಲಿ ಬಟ್ಟೆ ಹಾರಿದರೆ ಅದು ಕೊಡಿಯಲ್ಲದೆ ಬೇರೇನು? ಹಸನಬ್ಬನವರು ಹಾಲಿಗೆ ಬಂದಾಗ ತಿಳಿಸಿ ಹೇಳಿದರಂತೆ. ಆ ಮಾತುಕತೆಯನ್ನು ನಾನು ಮದುವೆಯಾಗಿ ಬಂದ ಮೇಲೂ ಅವರಿಬ್ಬರೂ ಹಬ್ಬದ ಊಟದ ಹಾಗೆ ಮತ್ತೆ ಮತ್ತೆ ಬಡಿಸಿಕೊಳ್ಳುತ್ತಿದ್ದರು.

"ಅದು ಗಾಳಿ ಚೀಲ ಅಮ್ಮ. ಗಾಳಿ ಎಲ್ಲಿಂದ ಉಂಟು ಅಂತ ಪೈಲಟಿಗೆ ನೋಡ್ಲಿಕ್ಕೆ."

"ಗಾಳಿ ನೋಡ್ಲಿಕ್ಕೆ ಚೀಲ ಯಾಕೆ ಮಾರಾಯ? ತೆಂಗಿನ ಗರಿ ನೋಡಿದ್ರೆ ಸಾಲದಾ?"

"ಅವರಿಗೆ ತೆಂಗಿನ ಮರ ಗೊತ್ತಿಲ್ಲ, ಬೊಂಬಾಯಿಯವರು."

"ಹಾಗಾದ್ರೆ ಅವರಿಗೆ ಇಳೀಲಿಕ್ಕೆ ಬಿಡುದು ಯಾಕೆ?"

ಮದುವೆಯಾದಾಗ ನಿಮ್ಮ ಅಜ್ಜ ಹಂಚಿನ ಕಾರ್ಖಾನೆಯಲ್ಲಿದ್ದರು. ಕಾರ್ಖಾನೆ ಮುಚ್ಚಿತು. ಊರಿನ ಗಂಡಸರು ಒಬ್ಬೊಬ್ಬರಾಗಿ ಗಲ್ಫಿಗೆ ಹೋಗುತ್ತಿದ್ದ ಕಾಲ ಅದು. ಹಸನಬ್ಬನವರ ಭಾವ ಮೊದಲೇ ಅಲ್ಲಿದ್ದರು, ಅವರು ಒಂದು ದಾರಿ ಮಾಡಿಕೊಟ್ಟರು. ಗುಡ್ಡ ಹತ್ತಿ ಸಣ್ಣ ವಿಮಾನದಲ್ಲಿ ಬೊಂಬಾಯಿಗೆ, ಅಲ್ಲಿಂದ ದೊಡ್ಡದರಲ್ಲಿ ಆಚೆಗೆ. ನಿಮ್ಮ ಅಪ್ಪ ಆಗ ಅಂಬೆಗಾಲಿಡುತ್ತಿದ್ದ. ಹೊರಡುವ ಬೆಳಿಗ್ಗೆ ಮಾಮಿ ದನದ ಹಟ್ಟಿಯಿಂದ ಬಂದವರೇ ಮನೆಯ ಚಾವಡಿಯಲ್ಲಿ ಕೂತು, ಕೊಡಿ ಏರಿರುವಾಗ ಊರು ಬಿಡುವುದು ಸರಿಯಲ್ಲ ಎಂದು ಹಠ ಹಿಡಿದರು. ನಿಮ್ಮ ಅಜ್ಜ ನಗುವ ಸ್ವಭಾವದವರು, ನಿಮ್ಮಲ್ಲಿ ದೊಡ್ಡವಳ ಹಾಗೆ, ಎಡಗೆನ್ನೆಯಲ್ಲಿ ಗುಳಿ.

"ಅದು ಕೊಡಿ ಆದ್ರೆ ದೇವರು ಯಾರಮ್ಮ? ಪೈಲಟಾ?"

"ಹೌದು ಮತ್ತೆ. ಮೇಲಿಂದ ಇಳಿದು ಬರುದು ಅವನೇ ಅಲ್ವಾ?"

"ಸರಿ. ಇಳಿಯುವ ಮೊದಲು ಬಂದು ಸೇರ್ತೇನೆ. ಆಯ್ತಲ್ಲ? ಅದು ಇಳಿಯುದೇ ಇಲ್ಲ, ನೀನು ಹೆದರ್ಬೇಡ."

ಮಕ್ಕಳೇ, ಇಲ್ಲಿ ನಿಂತು ಈ ಮಾತನ್ನು ಇನ್ನೊಮ್ಮೆ ಓದಿ. ನಮ್ಮ ಮನೆಯ ಬದುಕು ಮುಂದೆ ನಿಂತದ್ದು ಈ ಒಂದು ತಮಾಷೆಯ ಮೇಲೆ.

ಬೇಲಿಯ ಹೊರಗೆ ನಿಂತು ನಾವು ಕೈ ಬೀಸಿದೆವು. ಆಗ ಬೇಲಿಯೇ ನಮ್ಮ ಜಗಲಿ. ಹೋಗುವವರು ಡಾಮರಿನ ಮೇಲೆ ನಡೆದುಕೊಂಡು ಹೋಗಿ ವಿಮಾನದ ಏಣಿ ಹತ್ತುತ್ತಿದ್ದರು. ಹತ್ತಿ ಬಾಗಿಲಲ್ಲಿ ತಿರುಗಿ ನೋಡುತ್ತಿದ್ದರು. ನೋಡುವವರ ಮುಖ ಕಾಣುವಷ್ಟು ಹತ್ತಿರ. ಹಳದಿ ಹಗ್ಗ ಬಿಗಿದ ಪೆಟ್ಟಿಗೆಯೊಳಗೆ ಹಲಸಿನ ಹಪ್ಪಳ ಪುಡಿಯಾಗುವ ಚಿಂತೆಯಲ್ಲಿ ಅರ್ಧ ಅಳು ಮರೆಯುತ್ತಿತ್ತು. ವಿಮಾನ ಎದ್ದು ಕಡಲಿನ ಮೇಲೆ ಹೋಗಿ ಚುಕ್ಕಿಯಾಗಿ ಇಲ್ಲವಾದ ಮೇಲೂ ಹೆಂಗಸರು ಬೇಲಿ ಹಿಡಿದು ನಿಂತೇ ಇರುತ್ತಿದ್ದರು, ಚುಕ್ಕಿಯನ್ನು ಕೊನೆಗೆ ಕಂಡದ್ದು ಯಾರು ಎಂಬುದೇ ಒಂದು ಸಣ್ಣ ಪಂದ್ಯ ಎನ್ನುವ ಹಾಗೆ.

ಮೊದಲ ರಜೆಗೆ ಅವರು ಬಂದದ್ದು ಮಳೆಗಾಲದಲ್ಲಿ. ಬೆಳಿಗ್ಗೆಯಿಂದ ಪದವಿನ ಮೇಲೆ ಮೋಡ ಹಾಸಿಕೊಂಡು ಕೂತಿತ್ತು. ಸೈರನ್ ಕೂಗಿತು, ದನಗಳು ಹೊರಗೆ ಬಂದವು, ವಿಮಾನದ ಸದ್ದು ನಮ್ಮ ತಲೆಯ ನೇರ ಮೇಲೆ ಕೇಳಿತು. ಕಾಣಲಿಲ್ಲ. ಸದ್ದು ಒಂದು ಸುತ್ತು ಬಂತು, ಮತ್ತೊಂದು ಸುತ್ತು ಬಂತು. ಮಾಮಿ ಕೊಡೆ ಮುಚ್ಚಿ ಮಳೆಯಲ್ಲೇ ನಿಂತು ಮೋಡಕ್ಕೆ ಮುಖ ಎತ್ತಿ ಕೂಗಿದರು: "ಇಳಿಸಿ ಮಾರಾಯ್ರೆ! ಇಲ್ಲೇ ಉಂಟು ಜಾಗ! ಕೊಡಿ ಕಾಣುದಿಲ್ವಾ ನಿಮಗೆ?" ಬೇಲಿಯ ಬದಿಯವರೆಲ್ಲ ನಕ್ಕರು, ನಾನೂ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕೆ. ಸದ್ದು ಸ್ವಲ್ಪ ಹೊತ್ತು ಸುತ್ತಿ, ಮೆಲ್ಲ ಬಡಗು ದಿಕ್ಕಿಗೆ ತಿರುಗಿ, ಬೊಂಬಾಯಿಗೆ ವಾಪಸು ಹೋಯಿತು. ಅವರು ಮನೆಗೆ ಬಂದದ್ದು ಆಮೇಲೆ, ಬಸ್ಸಿನಲ್ಲಿ, ಮೈಕೈ ನೋಯಿಸಿಕೊಂಡು. ವಿಮಾನದೊಳಗೆ ನಮ್ಮ ಮಾಡಿನ ಮೇಲೆಯೇ ಕೂತಿದ್ದೆ ನಾನು, ಕೆಳಗೆ ನೀವು ನನಗಾಗಿ ಕಾಯುತ್ತಿದ್ದೀರಿ ಎಂದು ಗೊತ್ತಿತ್ತು, ಆದರೆ ಬಿಳಿ ಬಿಟ್ಟು ಬೇರೇನೂ ಕಾಣಲಿಲ್ಲ ಎಂದರು.

ಎರಡನೆಯ ಸಲ ಹೋದವರು ಬರಲಿಲ್ಲ.

ಕೆಲಸ ಬದಲಾಯಿಸುತ್ತಿದ್ದೇನೆ, ಹೊಸ ವಿಳಾಸ ಕಳಿಸುತ್ತೇನೆ ಎಂದು ಕೊನೆಯ ಕಾಗದದಲ್ಲಿ ಇತ್ತು. ಹೊಸ ವಿಳಾಸ ಬರಲಿಲ್ಲ. ಹಸನಬ್ಬನವರ ಭಾವ ತನ್ನ ರಜೆಯ ದಿನಗಳಲ್ಲೆಲ್ಲ ಹುಡುಕಿದರು. ಇದ್ದ ಕೋಣೆಯಲ್ಲಿ ಬೇರೆಯವರಿದ್ದಾರೆ, ಹಾಸಿಗೆಯಿಲ್ಲ, ಪೆಟ್ಟಿಗೆಯಿಲ್ಲ. ಸರಕಿನ ದೋಣಿಯಲ್ಲಿ ಕೆಲಸಕ್ಕೆ ಸೇರಿದ್ದಾನೆ ಎಂದು ಒಬ್ಬರು, ಇಲ್ಲ, ಮರಳುಗಾಡಿನ ಕಡೆ ಹೋಗಿದ್ದಾನೆ ಎಂದು ಇನ್ನೊಬ್ಬರು. ಆಸ್ಪತ್ರೆಗಳಲ್ಲಿ ಕೇಳಿದರು, ಪೊಲೀಸರಲ್ಲಿ ಕೇಳಿದರು. ಸತ್ತಿದ್ದಾರೆ ಎಂದು ಹೇಳಲಿಕ್ಕೆ ಯಾರೂ ಸಿಗಲಿಲ್ಲ, ಬದುಕಿದ್ದಾರೆ ಎಂದು ಹೇಳಲಿಕ್ಕೂ ಸಿಗಲಿಲ್ಲ. ಮನುಷ್ಯ ಹೀಗೂ ಇಲ್ಲವಾಗಬಹುದು ಎಂದು ನನಗೆ ಆತನಕ ಗೊತ್ತಿರಲಿಲ್ಲ. ಕೆರೆಗೆ ಬಿದ್ದ ಕೊಡ ಮುಳುಗುವಾಗಲಾದರೂ ಗುಳುಗುಳು ಸದ್ದು ಮಾಡುತ್ತದೆ.

ವರ್ಷಗಳು ಹೋದವು. ಮಾಮಿಯ ತಮ್ಮ, ತಾಯಿಯ ಕಡೆಯಿಂದ ಮನೆತನ ನಡೆಯುವ ನಮ್ಮ ಕಟ್ಟಿನಲ್ಲಿ ಮನೆಗೆ ಹಿರಿಯರು ಅವರೇ, ಒಂದು ದಿನ ಬಂದು ಚಾವಡಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡರು. ಹೀಗೆ ಕಾಣೆಯಾದವರಿಗೆ ದರ್ಭೆಯಲ್ಲಿ ಆಕಾರ ಮಾಡಿ, ಅದನ್ನು ಸುಟ್ಟು, ಬೊಜ್ಜ ಮಾಡುವ ಕ್ರಮವಿದೆ.

"ಅಕ್ಕ, ಎಷ್ಟು ವರ್ಷ ಅಂತ ಹೀಗೆ? ಅವನ ಜೀವ ಅಲ್ಲಿ ಇಲ್ಲಿ ಅಲೆದಾಡ್ಲಿಕ್ಕೆ ಬಿಡುದಾ? ಬೊಜ್ಜ ಮಾಡಿ ಮುಗಿಸುವ."

ಮಾಮಿ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಲಿಲ್ಲ. "ಕೊಡಿ ಏರಿರುವಾಗ ಬೊಜ್ಜ ಮಾಡ್ಲಿಕ್ಕೆ ಉಂಟಾ? ನೀನು ಹಿರಿಯ ಆಗಿ ನಿನಗೆ ಗೊತ್ತಿಲ್ವಾ?"

"ಎಂತ ಕೊಡಿ?"

"ಪದವಿನದ್ದು."

"ಅಯ್ಯೋ ಅಕ್ಕ, ಅದು ಕೊಡಿ ಅಲ್ಲ, ಗಾಳಿ ಚೀಲ ಅಲ್ವಾ!"

"ನಿನಗೆ ಚೀಲ. ನನ್ನ ಮಗ ಹೋದದ್ದು ಅದು ಇಳಿಯುವ ಮೊದಲು ಬರ್ತೇನೆ ಅಂತ ಮಾತು ಕೊಟ್ಟು. ಇಳಿದ ದಿನ ನೀನು ಬಾ. ನಾನೇ ಬೊಜ್ಜಕ್ಕೆ ಅಕ್ಕಿ ತೆಗೀತೇನೆ."

ಮಾಮಿಯ ತಮ್ಮ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಒಳಗೊಳಗೆ ಮಾಮಿಯ ಕಾಲು ಹಿಡಿಯುವಷ್ಟು ಸಂತೋಷವಾಗಿತ್ತು. ಬೊಜ್ಜವಾಗದೆ ಅವರು ಸತ್ತವರಲ್ಲ. ಅವರು ಸತ್ತವರಲ್ಲವಾದರೆ ನನ್ನ ಕೊರಳಿನ ಕರಿಮಣಿ ಕೊರಳಿನಲ್ಲೇ. ಪ್ರತಿದಿನ ಬೆಳಿಗ್ಗೆ ಹಟ್ಟಿಗೆ ಹೋಗುವಾಗ ನಾನು ಮೊದಲು ಗುಡ್ಡದ ಕಡೆ ನೋಡುತ್ತಿದ್ದೆ. ಗಾಳಿಯಿಲ್ಲದ ದಿನ ಚೀಲ ಸೊರಗಿ ಕಂಬಕ್ಕೆ ಅಂಟಿಕೊಂಡಿರುತ್ತಿತ್ತು. ಕೊಡಿ ನಿದ್ದೆ ಮಾಡಿದೆ ಎನ್ನುತ್ತಿದ್ದರು ಮಾಮಿ. ಬಿಸಿಲಿಗೆ ಹರಿದು ಚಿಂದಿಯಾದರೆ ನಮಗಿಬ್ಬರಿಗೂ ಅನ್ನ ಸೇರುತ್ತಿರಲಿಲ್ಲ. ಮತ್ತೆ ಹೊಸತು ಏರಿಸಿದ ದಿನ ಮಾಮಿ ಹಸನಬ್ಬನವರ ಕೈಯಲ್ಲಿ ನಿಲ್ದಾಣದವರಿಗೆ ಒಂದು ಗಿಂಡಿ ಹೆಚ್ಚು ಹಾಲು ಕಳಿಸುತ್ತಿದ್ದರು, ಯಾಕೆಂದು ಅವರಿಗೆ ಗೊತ್ತಾಗದ ಹಾಗೆ.

ಆದರೆ ಮಕ್ಕಳೇ, ಕೊಡಿ ಏರಿದ ಊರಿನಲ್ಲಿ ಹಬ್ಬವೇನೂ ನಡೆಯುತ್ತಿರಲಿಲ್ಲ. ಕಾಯುವುದು ಒಂದು ಕೆಲಸ ಎಂದು ಯಾರೂ ಒಪ್ಪುವುದಿಲ್ಲ, ಆದರೆ ಅದರಷ್ಟು ಮೈ ಮುರಿಯುವ ಕೆಲಸ ನಾನು ಗದ್ದೆಯಲ್ಲೂ ಮಾಡಿಲ್ಲ. ನಿಮ್ಮ ಅಪ್ಪನಿಗೆ ಮದುವೆ ಗೊತ್ತಾದಾಗ ಕಾಗದ ಅಚ್ಚು ಹಾಕುವವರು ಕೇಳಿದರು, ಹುಡುಗನ ತಂದೆಯ ಹೆಸರಿನ ಮೊದಲು ಶ್ರೀ ಹಾಕುವುದೋ, ದಿವಂಗತ ಹಾಕುವುದೋ? ನಿಮ್ಮ ಅಪ್ಪ ಮನೆಗೆ ಬಂದು ಅಂಗಳದ ಕಟ್ಟೆಯಲ್ಲಿ ಕೂತ. ತಂದೆಯ ಮುಖ ನೆನಪಿಲ್ಲದವನು ಅವನು. ಮಾಮಿ ಒಳಗಿನಿಂದಲೇ ಹೇಳಿದರು, "ಶ್ರೀ ಹಾಕ್ಲಿಕ್ಕೆ ಹೇಳು. ಮತ್ತೊಂದು ಹಾಕಿದ್ರೆ ನಾನು ಮದುವೆಗೆ ಬರುದಿಲ್ಲ." ಶ್ರೀ ಎಂದೇ ಹಾಕಿದರು. ಮದುವೆಯ ದಿನ ಚಪ್ಪರದಲ್ಲಿ ಮುತ್ತೈದೆಯರಿಗೆ ಕುಂಕುಮ, ಮಲ್ಲಿಗೆ ಹಂಚುತ್ತ ಬಂದ ಹುಡುಗಿ ನನ್ನ ಎದುರು ಬಂದು ತಡೆದಳು. ಹಿಂದಿನಿಂದ ಯಾರೋ ಪಿಸುಗುಟ್ಟಿದರು:

"ಇವರಿಗೆ ಕೊಡುದಾ ಬೇಡ್ವಾ?"

"ಕೊಡು ಮಾರಾಯ್ತಿ. ಅವರ ಗಂಡ ಪದವಿನ ಕಂಬದಲ್ಲಿ ಉಂಟಲ್ಲ."

ಸುತ್ತ ನಗು. ನಾನು ಹೂವು ತೆಗೆದುಕೊಂಡೆ. ತೆಗೆದುಕೊಳ್ಳದಿದ್ದರೆ ಅವರನ್ನು ನಾನೇ ಕೊಂದ ಹಾಗೆ ಆಗುತ್ತಿತ್ತು. ಮುಡಿದ ಆ ಮಲ್ಲಿಗೆ ಇಡೀ ದಿನ ತಲೆಯ ಮೇಲೆ ಕಲ್ಲಿನ ಹಾಗೆ ಕೂತಿತ್ತು. ಹೆಂಡತಿಯಾಗಿ ಬಾಳಲಿಲ್ಲ, ವಿಧವೆಯಾಗಿ ಅಳಲಿಲ್ಲ. ಮೋಡದ ಮೇಲೆ ಸುತ್ತುವ ವಿಮಾನದ ಸದ್ದಿನ ಕೆಳಗೆ ನಿಂತವಳ ಹಾಗೆ, ಮುಖ ಎತ್ತಿಕೊಂಡೇ ನನ್ನ ಪ್ರಾಯ ಮುಗಿಯಿತು.

ಅಷ್ಟರಲ್ಲಿ ಬೇರೊಂದು ಕಡೆ ದೊಡ್ಡ ನಿಲ್ದಾಣ ಎದ್ದಿತ್ತು. ಗಲ್ಫಿನಿಂದ ನೇರವಾಗಿ ಅಲ್ಲಿಗೇ ಬಂದಿಳಿಯುವ ದೊಡ್ಡ ವಿಮಾನಗಳು. ನಮ್ಮ ಪದವಿನ ಸಣ್ಣ ನಿಲ್ದಾಣಕ್ಕೆ ಬರುವುದು ಕಡಿಮೆಯಾಯಿತು. ಮೊದಲು ಭಾನುವಾರದ ಜನ ಬರುವುದು ನಿಂತಿತು, ಆಮೇಲೆ ಹಳದಿ ಕಟ್ಟಡಕ್ಕೆ ಬಣ್ಣ ಬಳಿಯುವುದು ನಿಂತಿತು, ಸೈರನ್ ಕೆಟ್ಟದ್ದು ಸರಿಯಾಗಲಿಲ್ಲ. ಊರು ಮುಚ್ಚಿದರೆ ಕೊನೆಯ ಮನೆಯವರು ಬೀಗ ಹಾಕಿ ಹೋಗುವುದನ್ನಾದರೂ ನೋಡಬಹುದು. ನಿಲ್ದಾಣ ಮುಚ್ಚುವಾಗ ಹಾಗಲ್ಲ. ಅಲ್ಲಿ ಯಾರೂ ವಾಸ ಮಾಡಿದವರಲ್ಲ, ಎಲ್ಲರೂ ಹೋದವರೇ. ಬಿಟ್ಟು ಹೋಗಲಿಕ್ಕೆಂದೇ ಕಟ್ಟಿದ ಜಾಗವನ್ನು ಬಿಟ್ಟು ಹೋದರೆ ಬೇಸರಪಡಬೇಕಾದವರು ಯಾರು?

ಒಂದು ದಿನ ಹಸನಬ್ಬನವರು ಹಾಲಿನ ಹೊತ್ತಲ್ಲದ ಹೊತ್ತಿನಲ್ಲಿ ಬಂದರು. ಅಂಗಳದಲ್ಲೇ ನಿಂತು ತಲೆಯ ಟೊಪ್ಪಿ ತೆಗೆದು ಪುನಃ ಹಾಕಿದರು. ಆಗ ಅವರೂ ಮುದುಕರು.

"ಅಮ್ಮ, ಇನ್ನು ಇಲ್ಲಿಗೆ ವಿಮಾನ ಬರುದಿಲ್ಲ. ಮುಚ್ಚಿದ್ರು. ಚೀಲ ಇಳಿಸಿದ್ರು."

ಮಾಮಿ ಗುಡ್ಡದ ಕಡೆ ತಿರುಗಿದರು. ಹಟ್ಟಿಯ ಹಿಂದೆ ಬೆಳೆದ ಗೇರುಮರಗಳಿಂದಾಗಿ ಆಗ ಅಂಗಳದಿಂದ ಕಂಬದ ತುದಿ ಸರಿಯಾಗಿ ಕಾಣುತ್ತಿರಲಿಲ್ಲ. ನೋಡಬೇಕು ಎಂದರು. ಹಸನಬ್ಬನವರೇ ಆಟೋ ತಂದರು, ನಾನು ಜೊತೆಗೆ ಹೋದೆ. ಗೇಟಿಗೆ ಬೀಗ. ಬೇಲಿಯ ಒಳಗೆ ಕಂಬ ಇತ್ತು, ತುದಿಯಲ್ಲಿ ಕಬ್ಬಿಣದ ಬಳೆ ಇತ್ತು, ಬಳೆಯೊಳಗೆ ಆಕಾಶ ಇತ್ತು. ಕಾವಲಿನವರು ಒಬ್ಬರು ಬಂದರು, ಘಟ್ಟದ ಮೇಲಿನ ಕಡೆಯವರು, ಊರಿಗೆ ಹೊಸಬರು. ಮಾಮಿ ಬೇಲಿ ಹಿಡಿದು ಕೇಳಿದರು.

"ಪುನಃ ಏರಿಸುದು ಯಾವಾಗ ಮಗ?"

"ಏನಜ್ಜಿ?"

"ಅದು. ಮೇಲೆ ಇತ್ತಲ್ಲ."

"ಓ ಅದಾ. ಇನ್ನು ಏರಿಸಲ್ಲ ಅಜ್ಜಿ. ಗಾಳಿ ನೋಡೋರೇ ಇಲ್ಲವಲ್ಲ."

ಮನೆಗೆ ಬಂದ ಮೇಲೆ ಮಾಮಿ ತಾವೇ ತಮ್ಮನಿಗೆ ಹೇಳಿಕಳಿಸಿದರು, ಬೊಜ್ಜಕ್ಕೆ ದಿನ ನೋಡು ಎಂದು. ಇಷ್ಟು ವರ್ಷ ಬೊಜ್ಜ, ಬೊಜ್ಜ ಎಂದು ಕಾಡಿದ ಆ ತಮ್ಮ, ಬಂದವರು ಚಾವಡಿಯ ಕಂಬ ಹಿಡಿದುಕೊಂಡು ಅತ್ತರು. ಬೇಡ ಅಕ್ಕ, ಇನ್ನೂ ಸ್ವಲ್ಪ ದಿನ ನೋಡುವ ಎಂದರು. ಮಾಮಿ ಒಪ್ಪಲಿಲ್ಲ. ಕೊಟ್ಟ ಮಾತಿಗೆ ಮಗ ಬರಲಿಲ್ಲ, ತಾಯಿಯಾದರೂ ನಿಲ್ಲಬೇಕಲ್ಲ ಎಂದರು. ಕಣಜದ ಕೋಣೆಗೆ ಹೋಗಿ, ಹೇಳಿದ್ದ ಹಾಗೆಯೇ, ತಮ್ಮ ಕೈಯಿಂದಲೇ ಅಕ್ಕಿ ಅಳೆದು ತೆಗೆದರು. ಆಮೇಲೆ ಅಡುಗೆಕೋಣೆಗೆ ಬಂದು ನನ್ನ ಬೆನ್ನ ಹಿಂದೆ ನಿಂತರು.

"ಕರಿಮಣಿ ನೀನೇ ತೆಗಿ. ನನ್ನ ಕೈಯಿಂದ ಆಗುದಿಲ್ಲ."

ನಾನು ಒಲೆಯ ಕಡೆಯೇ ಮುಖ ಮಾಡಿಕೊಂಡು ಕೇಳಿದೆ. ಅಷ್ಟು ವರ್ಷಗಳಲ್ಲಿ ಕೇಳದೆ ಇದ್ದದ್ದನ್ನು ಅವತ್ತು ಕೇಳಿದೆ. "ಮಾಮಿ, ಅದು ಕೊಡಿ ಅಲ್ಲ ಅಂತ ನಿಮಗೆ ಗೊತ್ತಿತ್ತಲ್ಲ?"

"ಗೊತ್ತಿಲ್ಲದೆ ಎಂತ? ಹಸನ ಮೊದಲ ದಿನವೇ ಹೇಳಿದ್ದ." ಎಂದರು ಮಾಮಿ. "ಅದಕ್ಕೇ ಹಿಡಿದುಕೊಂಡದ್ದು ಮಗಾ. ನಿಜವಾದ ಕೊಡಿ ಆದ್ರೆ ಐದು ದಿವಸಕ್ಕೆ ಇಳಿಸ್ತಾರೆ. ಇದನ್ನು ಯಾರೂ ಇಳಿಸುದಿಲ್ಲ ಅಂತ ಎಣಿಸಿದ್ದೆ."

ಬೊಜ್ಜವಾಯಿತು. ದರ್ಭೆಯ ಆಕಾರಕ್ಕೆ ಮೊಣಕೈ, ಮೊಣಕಾಲು ಎಲ್ಲ ಕಟ್ಟಿದ್ದರು, ಮುಖ ಮಾತ್ರ ಇರಲಿಲ್ಲ. ನಿಮ್ಮ ಅಪ್ಪ ಬೆಂಕಿ ಕೊಟ್ಟ. ಹಗುರ ಹುಲ್ಲು, ಹಿಡಿದ ಕೂಡಲೇ ಉರಿದು ಮುಗಿಯಿತು. ನನ್ನ ಕಣ್ಣೀರು ಬರುವಷ್ಟು ಹೊತ್ತೂ ಅದು ಉಳಿಯಲಿಲ್ಲ. ಆಮೇಲೆ ಅವರಿಗೆ ಇಷ್ಟದ್ದನ್ನೆಲ್ಲ ಅಡುಗೆ ಮಾಡಿ, ಎಲೆಯಲ್ಲಿ ಬಡಿಸಿ, ಅಂಗಳದ ಹೊರಗೆ ಕಾಗೆಗೆ ಇಟ್ಟರು. ಸತ್ತವರು ಕಾಗೆಯಾಗಿ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಏನೋ ತೃಪ್ತಿಯಿಲ್ಲವೆಂದು ನೆಂಟರೆಲ್ಲ ಕೈಮುಗಿದು ಕೂಗಿ ಕರೆಯುತ್ತಾರೆ. ಅವತ್ತೂ ಎಲ್ಲರೂ ದೂರ ಸರಿದು ನಿಂತು, ಬರಲಿ, ಬೇಗ ಬರಲಿ ಎಂದು ಮರಗಳ ಕಡೆ ನೋಡುತ್ತಿದ್ದರು. ಊಟಕ್ಕೆ ತಡವಾಗಿತ್ತು. ಮಾಮಿ ನನ್ನ ಕೈ ಹಿಡಿದುಕೊಂಡಿದ್ದರು. ಆ ಹಿಡಿತದ ಬಿಗಿಯಿಂದಲೇ ನನಗೆ ಗೊತ್ತಾಯಿತು, ಅವರು ಬೇಡಿಕೊಳ್ಳುತ್ತಿರುವುದು ಬೇರೆ ಎಂದು. ಅಷ್ಟೂ ಜನರಲ್ಲಿ ನಾವಿಬ್ಬರು ಮಾತ್ರ, ಬಾರದಿರಲಿ, ಬಾರದಿರಲಿ ಎನ್ನುತ್ತಿದ್ದೆವು. ಬಾರದಿದ್ದರೆ ಅವರು ಸತ್ತಿಲ್ಲ. ಬದುಕಿದವರಿಗೆ ಇಟ್ಟ ಎಲೆಯನ್ನು ಕಾಗೆ ಹೇಗೆ ಮುಟ್ಟೀತು?

ಕಾಗೆ ಬಂತು. ಕರೆಯುವ ಮೊದಲೇ ಬಂತು. ಮೊದಲ ತುತ್ತು ಎತ್ತಿ ಪುನಃ ಬಂತು. ಎಷ್ಟು ತೃಪ್ತಿ ನೋಡಿ ಎಂದು ಯಾರೋ ಹೇಳಿದರು. ಮಾಮಿಯ ಕೈ ನನ್ನ ಕೈಯಿಂದ ಜಾರಿತು. ಆ ಮಳೆಗಾಲ ದಾಟುವ ಮೊದಲೇ ಅವರೂ ಹೋದರು. ಯಾವ ಕಾಯಿಲೆಯೂ ಇರಲಿಲ್ಲ. ಹಿಡಿದುಕೊಳ್ಳಲಿಕ್ಕೆ ಏನೂ ಉಳಿದಿರಲಿಲ್ಲ, ಅಷ್ಟೇ.

ಗುಡ್ಡದ ಬುಡದ ಮನೆ ಬಿಟ್ಟು ನಾವು ನಿಮ್ಮ ಅಪ್ಪನ ಅಂಗಡಿಗೆ ಹತ್ತಿರವಾಗಲಿ ಎಂದು ಮಣ್ಣಗುಡ್ಡಕ್ಕೆ ಬಂದೆವು. ಹಸನಬ್ಬನವರೂ ಈಗಿಲ್ಲ, ಅವರ ಗೂಡಂಗಡಿಯ ಜಾಗದಲ್ಲಿ ಪೊದೆ. ಕೆಲವು ವರ್ಷಗಳ ಹಿಂದೆ ನಿಮ್ಮ ಅಪ್ಪನೊಟ್ಟಿಗೆ ಆ ದಾರಿಯಾಗಿ ಹೋದಾಗ ಕಾರು ನಿಲ್ಲಿಸಲು ಹೇಳಿದೆ. ಡಾಮರು ಬಿರಿದು ಸಂದುಗಳಿಂದ ಮುಳಿಹುಲ್ಲು ಎದೆಯೆತ್ತರ ಬೆಳೆದಿತ್ತು. ನೀಲಿ ಹೂವು ಬಂದಿರಲಿಲ್ಲ, ಅಥವಾ ನನ್ನ ಕಣ್ಣಿಗೆ ಕಾಣಲಿಲ್ಲ. ಬೇಲಿ ಮಾತ್ರ ಗಟ್ಟಿಯಾಗಿತ್ತು. ಪದವಿನ ನೆಲವನ್ನು ವಿಮಾನಕ್ಕೆಂದು ದನಗಳಿಂದ ತೆಗೆದುಕೊಂಡರು, ವಿಮಾನ ಹೋದ ಮೇಲೆ ದನಗಳಿಗೆ ಕೊಡಲಿಲ್ಲ. ಕೊಟ್ಟರೂ ಮೇಯಲಿಕ್ಕೆ ಈಗ ದನಗಳಿಲ್ಲ. ಹಾಳುಬಿದ್ದ ದೇವಸ್ಥಾನವಾದರೆ ಒಂದು ದಿನ ಯಾರಾದರೂ ಬಂದು ಹಣತೆ ಇಟ್ಟಾರು. ಹಾಳುಬಿದ್ದ ವಿಮಾನ ನಿಲ್ದಾಣಕ್ಕೆ ಮರಳಿ ಬರುವವರು ಯಾರು? ಒಂದು ಯೋಚನೆ ಮಾತ್ರ ನನ್ನನ್ನು ಬಿಡುವುದಿಲ್ಲ. ಅವರಿಗೆ ಗೊತ್ತಿದ್ದ ಊರಿನ ಬಾಗಿಲು ಅದೊಂದೇ. ಎಲ್ಲಿಂದಲಾದರೂ ಬಂದದ್ದೇ ಆದರೆ, ಮೇಲಿನಿಂದ ನೋಡಿದವರಿಗೆ ಇಲ್ಲೊಂದು ಇಳಿಯುವ ಜಾಗ ಇತ್ತು ಎಂದು ತೋರಿಸಲಿಕ್ಕೆ ಈಗ ಅಲ್ಲಿ ಏನೂ ಇಲ್ಲ.

ನಿಮಗೆ ಹೇಳಬೇಕಾದದ್ದು ಇನ್ನೊಂದಿದೆ. ಪ್ರತಿ ವರ್ಷ ಅಜ್ಜನ ದಿನ ಎಂದು ನೀವು ಶಾಲೆಗೆ ರಜೆ ಮಾಡಿ ಪಾಯಸ ಉಣ್ಣುತ್ತೀರಲ್ಲ, ಅದು ಅಜ್ಜ ಸತ್ತ ದಿನವಲ್ಲ. ಅದು ಯಾವುದೆಂದು ನಮಗೆ ಯಾರಿಗೂ ಗೊತ್ತಿಲ್ಲ. ಒಂದು ದಿನ ಬೇಕಲ್ಲ ಎಂದು ಪುರೋಹಿತರು ಕೇಳಿದಾಗ ಮಾಮಿ ಹೇಳಿದ್ದು, ಚೀಲ ಇಳಿಸಿದ ದಿನ. ಹಾಗಾಗಿ ನೀವು ಉಣ್ಣುವುದು ಒಂದು ನಿಲ್ದಾಣ ಮುಚ್ಚಿದ ದಿನದ ಊಟ.

ಈ ಸಲವೂ ಎಲೆ ಬಡಿಸಿ ಟೆರೇಸಿನ ಮೂಲೆಯಲ್ಲಿಟ್ಟು ನಾವೆಲ್ಲ ಬಾಗಿಲಿನ ಹಿಂದೆ ನಿಂತಿದ್ದೆವು. ನಿಮ್ಮಲ್ಲಿ ಚಿಕ್ಕವಳು ನನ್ನ ಸೆರಗು ಎಳೆದು ಕೇಳಿದಳು, "ಅಜ್ಜೀ, ಕಾಗೆ ಬರದಿದ್ರೆ?"

ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದವಳು ಅವಳೊಬ್ಬಳೇ. ಬಗ್ಗಿ ಅವಳ ಕಿವಿಯಲ್ಲಿ ಉತ್ತರ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ನೀರಿನ ಟ್ಯಾಂಕಿನ ಮೇಲಿಂದ ಅದು ಇಳಿಯಿತು, ಎಲೆಯನ್ನು ಒಂದು ಸುತ್ತು ಬಂದು ಅನ್ನಕ್ಕೆ ಬಾಯಿ ಹಾಕಿತು. ನಿಮ್ಮ ಅಪ್ಪ ಉಸಿರು ಬಿಟ್ಟು, ಆಯ್ತು, ಇನ್ನು ಊಟಕ್ಕೆ ಕೂತುಕೊಳ್ಳುವ ಎಂದ.